ಕಮ್ಮಾರನ ಹೆಸರು

ನಮ್ಮನ್ನು ಶಾಲೆಗೆ ಸೇರಿಸುವಾಗ ತಂದೆಯವರು ಹೆಸರಿನೊಡನಿದ್ದ ‘ಕಮ್ಮಾರ’ ಎಂಬುದನ್ನು ಬಿಡಿಸಿದರು. ಇತರ ಹುಡುಗರು ಗೇಲಿ ಮಾಡಿಯಾರೆಂಬ ಅಂಜಿಕೆ ಅವರಿಗೆ. ಮರೆತೇ ಹೋಗಿದ್ದ ಈ ಸಂಗತಿಯು ಹಂಗೇರಿ ದೇಶದ ಹೆಸರುಗಳನ್ನು ಕುರಿತು ಓದುವಾಗ ನೆನಪಿಗೆ ಬಂದಿತು.

ಆ ದೇಶದಲ್ಲಿ ‘ಕೊವಾಚ್’ ಎಂಬ ಮನೆತನದ ಹೆಸರುಳ್ಳವರು ಸುಮಾರು 2 ಲಕ್ಷ ಮಂದಿ. ಎಂದರೆ ಹೆಚ್ಚುಕಡಮೆ ಐವತ್ತು ಜನರಲ್ಲೊಬ್ಬರು. ‘ದೊಡ್ಡವ’ನೆಂಬ ಅರ್ಥದ ಹೆಸರೊಂದೇ ಇದಕ್ಕಿಂತ ಮುಂದು. ಕೊವಾಚ್ ಎಂದರೆ ಕಮ್ಮಾರ. ಆದರೆ ಈ ಮಾತು ಹಂಗೇರಿಯನ್ನರ ಸ್ವಂತದ್ದಲ್ಲ. ಅವರ ಪೂರ್ವಿಕರು 9ನೆಯ ಶತಮಾನದ ಕೊನೆಯಲ್ಲಿ ಪೂರ್ವದಿಕ್ಕಿನಿಂದ ಬಂದು ನೆಲಸಿದ ಮೇಲೆ ನೆರೆಯ ಸ್ಲಾವ್ ಜನರಿಂದ ಇದನ್ನು ಪಡೆದರು.

ಒಂದೇ ಹಳ್ಳಿಯಲ್ಲಿ ಯಾನೋಷ್ ಎಂಬುವರು ಹಲವರಿದ್ದರೆ, ಕುಲುಮೆಯವನನ್ನು ‘ಕೊವಾಚ್ ಯಾನೋಷ್’ ಎಂದು ಗುರುತಿಸುವರು. ಅಲ್ಲಿ ಮನೆತನದ ಹೆಸರೇ ಮೊದಲು ಬರುವುದು. 14ನೆಯ ಶತಮಾನದಿಂದೀಚೆಗೆ ಇಂತಹ ಗುರುತುಗಳು ಕ್ರಮೇಣ ಮಕ್ಕಳು ಮೊಮ್ಮಕ್ಕಳಿಗೂ ಇಳಿದವು. ನೇಗಿಲಿನ ಕುಳಕ್ಕೂ ಕುದುರೆಯ ಲಾಳಕ್ಕೂ ಊರೂರಿಗೆ ಕಮ್ಮಾರನು ಬೇಕಷ್ಟೆ. ಆದುದರಿಂದ ಹೆಸರೂ ಊರೂರಲ್ಲಿ ಹಬ್ಬಿತು. ದರ್ಜಿಯ ‘ಸಾಬೋ’, ಹಿಟ್ಟಿನ ಗಿರಣಿಯವನ ‘ಮೋಲ್ನಾರ್’, ನೇಕಾರನ ‘ತಕಾಚ್’ ಇವೂ ಹಾಗೆಯೇ ಉಳಿದಿವೆ.

ಇಂದು ಸುತ್ತಿಗೆ ಹಿಡಿಯುವ ಕೊವಾಚರು ವಿರಳ. ಲಾಸ್ಲೋ ಕೊವಾಚ್ ಎಂಬವರು 1956ರ ದಂಗೆಯನ್ನು ಚಿತ್ರೀಕರಿಸಿ, ದೇಶಬಿಟ್ಟು ಅಮೆರಿಕಕ್ಕೆ ಹೋಗಿ, ಚಲಚ್ಚಿತ್ರಗಳ ಛಾಯಾಗ್ರಾಹಕರೆಂದು ಪ್ರಸಿದ್ಧರಾದರು. ಕಮ್ಮಾರನ ಹೆಸರನ್ನು ಮಾತ್ರ ಅವರು ಬಿಡಲಿಲ್ಲ.

ಇದನ್ನೋದಿ ನಮಗೆ ನಾಚಿಕೆಯಾಯಿತು. ತಂದೆಯವರನ್ನು ದೂರಲಾರೆವು; ಬೆಳೆದ ಮೇಲೂ ಬಿಟ್ಟ ಹೆಸರನ್ನು ವಿಚಾರಿಸದಿದ್ದವರು ನಾವೇ. ನಮ್ಮ ಶಾಲೆಯ ಫೀಜು ಬಂದದ್ದು ಅಜ್ಜನ ಕುಲುಮೆಯಿಂದಲ್ಲವೆ? ಈ ವರ್ಷ ಮೊಮ್ಮಗನನ್ನು ಶಾಲೆಗೆ ಸೇರಿಸುವಾಗ ಪೂರ್ತಿ ಹೆಸರನ್ನೇ ಬರೆಯಿಸಿದೆವು.