ತೀನ್ ಪತ್ತಿ: ಮಾತು ಕಲಿತವರು ಲೆಕ್ಕವನ್ನೂ ಕಲಿಯಲಿ

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆ ಕನ್ನಡದವರ ಇಸ್ಪೀಟೂ ತೆಲುಗಿನವರ ಪೇಕಾಟವೂ ಒಂದೇ ಜಮಖಾನದ ಮೇಲೆ ಕೂರುತ್ತವೆ. ಹಬ್ಬಕ್ಕೆ ಮೂರೆಲೆಯ ತೀನ್ ಪತ್ತಿ ಆಡಲು ಕೂತ ಹುಡುಗರು ಆಟದ ಮಾತು ಬೇಗ ಕಲಿಯುತ್ತಾರೆ, ಲೆಕ್ಕ ಮಾತ್ರ ಕಲಿಯುವುದಿಲ್ಲ.

ಎಲೆ ನೋಡದೆ ಆಡಿದರೆ ಬ್ಲೈಂಡ್. ನೋಡಿ ಆಡುವವ ಸೀನ್. ಅವನು ಬ್ಲೈಂಡ್‌ನವನ ಎರಡು ಪಟ್ಟು ಹಾಕಬೇಕು. ಆಟ ಬಿಟ್ಟರೆ ಪ್ಯಾಕ್. ಇಬ್ಬರೇ ಉಳಿದಾಗ ಎಲೆ ಬಿಚ್ಚಿಸುವುದು ಶೋ. ಮೂರು ಎಕ್ಕ, ಮೂರು ರಾಜ, ಮೂರು ಗುಲಾಮ, ಹೀಗೆ ಮೂರೂ ಒಂದೇ ಬಂದರೆ ಟ್ರೇಲ್. ಅದಕ್ಕಿಂತ ದೊಡ್ಡದಿಲ್ಲ. ಆಮೇಲೆ ಪ್ಯೂರ್ ಸೀಕ್ವೆನ್ಸ್ (ಒಂದೇ ಜಾತಿಯ ಸಾಲೆಲೆ), ಸೀಕ್ವೆನ್ಸ್ (ಬೇರೆ ಜಾತಿಯ ಸಾಲೆಲೆ), ಕಲರ್ (ಸಾಲಿಲ್ಲದ ಒಂದೇ ಜಾತಿ), ಜೋಡಿ.

ಈಗ ಲೆಕ್ಕ ನೋಡಿ. 52 ಎಲೆಯ ಕಟ್ಟಿನಲ್ಲಿ ಮೂರೆಲೆ ಕೂಡುವ ಬಗೆ ಒಟ್ಟು 22,100. ಅದರಲ್ಲಿ ಟ್ರೇಲ್ ಬರೀ 52, ಅಂದರೆ 425 ಆಟಕ್ಕೆ ಒಂದು. ಜೋಡಿ ಬರುವುದು 3,744. 16,440ರಲ್ಲಿ ಜೋಡಿಯೂ ಇಲ್ಲ, ಕಲರೂ ಇಲ್ಲ, ಸೀಕ್ವೆನ್ಸೂ ಇಲ್ಲ. ಹೆಚ್ಚುಕಡಿಮೆ ನಾಲ್ಕು ಸಲಕ್ಕೆ ಮೂರು ಸಲ ಬರಿಗೈ. ‘ಈ ಸಲ ಬಂದೇ ಬರ್ತದ’ ಅನ್ನುವ ನಂಬಿಕೆಗೆ ಎಲೆ ಕಿವಿಗೊಡುವುದಿಲ್ಲ.

ದುಡ್ಡಿನ ಜೂಜಿಗೆ ತೆಲಂಗಾಣದಲ್ಲಿ 1974ರ ಕಾಯ್ದೆ ಇದೆ. 2017ರ ತಿದ್ದುಪಡಿಯಿಂದ ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ರಮ್ಮಿ, ಪೋಕರ್ ಕೂಡ ಅದರೊಳಗೆ ಬಂದವು. ಆಟ ಚೆಂದದ್ದು, ಆಡಿ. ಆದರೆ ಶೇಂಗಾ ಕಾಳು ಇಟ್ಟು ಆಡಿ. ಶೇಂಗಾ ಮಾರಿದ ದುಡ್ಡು ಇಡಬೇಡಿ.