ಅಕ್ಕನ ಸ್ಟಾರ್ಟ್ ಬಟನ್ ಎಲ್ಲಿ ಹೋಯ್ತು?

ನಮ್ಮಕ್ಕ ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ಜೆರಾಕ್ಸ್ ಜೊತೆಗೆ ಕನ್ನಡ ಟೈಪಿಂಗ್ ಕೂಡ ಮಾಡುತ್ತಾಳೆ. ಅರ್ಜಿ, ಕರಾರು ಪತ್ರ, ಮದುವೆ ಕಾರ್ಡಿನ ಮ್ಯಾಟರ್, ಎಲ್ಲವೂ ಅವಳ ಕೈಯಲ್ಲೇ ಆಗಬೇಕು.

ಅವಳ ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಕಂಪನಿಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಆ ಹಳೇ ಕಂಪ್ಯೂಟರಿನಲ್ಲಿ ಅದಿಲ್ಲ. ಹೊಸದು ಕೊಳ್ಳಲು ದುಡ್ಡಿಲ್ಲ. ‘ಲಿನಕ್ಸ್ ಪುಕ್ಕಟೆ ಸಿಗ್ತದ, ನಾನು ಹಾಕಿಕೊಡ್ತೀನಿ’ ಎಂದೆ. ಭಾನುವಾರ ಕೂತು ಉಬುಂಟು ಹಾಕಿದೆ. ನೋಡಲು ಚೆಂದ ಇತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸೋಮವಾರ ಹತ್ತೂವರೆಗೆ ಫೋನ್ ಬಂತು. ‘ತಮ್ಮಾ, ನನ್ ಸ್ಟಾರ್ಟ್ ಬಟನ್ ಎಲ್ಲಿ ಹೋತು? ಕನ್ನಡಾನೂ ಬರವಲ್ದು.’ ಪಹಣಿ ತಿದ್ದುಪಡಿ ಅರ್ಜಿಗೆ ಬಂದಿದ್ದ ಅಜ್ಜ ಅರ್ಧ ತಾಸು ಕಾದು ಪಕ್ಕದ ಅಂಗಡಿಗೆ ಹೋಗಿದ್ದ. ಕೊನೆಗೆ ಅಕ್ಕ ಅಂದಳು, ‘ನನಗ ಬುದ್ಧಿ ಕಮ್ಮಿ ಬಿಡು.’

ಆ ಮಾತು ಚುಚ್ಚಿತು. ಕೀಬೋರ್ಡ್ ನೋಡದೆ ಪುಟಗಟ್ಟಲೆ ಟೈಪ್ ಮಾಡುವವಳ ಬುದ್ಧಿ ಒಂದೇ ರಾತ್ರಿಯಲ್ಲಿ ಕಮ್ಮಿಯಾಗುತ್ತದೆಯೇ? ಕರೆಂಟು ಹೋದರೂ ಅವ್ವನ ಕೈ ಉಪ್ಪಿನ ಡಬ್ಬಿಗೇ ಹೋಗುತ್ತದೆ. ಡಬ್ಬಿಯ ಜಾಗ ಬದಲಿಸಿದವರು ಬೇರೆಯವರು, ಹುಡುಕಾಡುವವಳು ಅವ್ವ.

ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. ಸ್ಟಾರ್ಟ್ ಬಟನ್ ಬಂದದ್ದು ವಿಂಡೋಸ್ 95ರಲ್ಲಿ. 2012ರ ವಿಂಡೋಸ್ 8ರಲ್ಲಿ ಅದನ್ನು ತೆಗೆದು, ಬೆರಳಲ್ಲಿ ಮುಟ್ಟುವ ಪರದೆಗೆ ಹೊಂದುವ ದೊಡ್ಡ ಚೌಕಗಳನ್ನು ಇಟ್ಟರು. ಮೌಸ್ ಹಿಡಿದವರು ಕಂಗಾಲಾದರು. ಮರುವರ್ಷವೇ 8.1ರಲ್ಲಿ ಬಟನ್ ವಾಪಸ್ ಬಂತು, 2015ರ ವಿಂಡೋಸ್ 10ರಲ್ಲಿ ಮೆನು ಕೂಡ ಬಂತು. ವಿಂಡೋಸ್ 11ರಲ್ಲಿ ಅದು ಎಡ ಮೂಲೆಯಿಂದ ನಡುವಿಗೆ ಸರಿದಿದೆ. ಬೇಕೆಂದವರು ಸೆಟ್ಟಿಂಗ್ಸ್‌ನಲ್ಲಿ ಮತ್ತೆ ಎಡಕ್ಕೆ ತಂದುಕೊಳ್ಳಬಹುದು.

ಮ್ಯಾಕ್‌ನಲ್ಲಿ ಕಿಟಕಿ ಮುಚ್ಚುವ ಬಟನ್ ಎಡಕ್ಕಿದೆ, ಮೆನು ಯಾವಾಗಲೂ ಪರದೆಯ ನೆತ್ತಿಯಲ್ಲಿ. ಕಾಲೇಜಿನಲ್ಲಿ ಮೊದಲ ಸಲ ಅದನ್ನು ಮುಟ್ಟಿದಾಗ ನನ್ನ ಕೈ ಒಂದು ವಾರ ಬಲಕ್ಕೇ ಓಡುತ್ತಿತ್ತು. ಆಮೇಲೆ ಅದೇ ಸಲೀಸಾಯಿತು. ಉಬುಂಟುವಿನಲ್ಲಿ ಐಕಾನುಗಳ ಸಾಲು ಎಡ ಅಂಚಿನಲ್ಲಿ ನಿಂತಿರುತ್ತದೆ. ಯಾವುದೂ ಕೆಟ್ಟದ್ದಲ್ಲ. ಆದರೆ ನನಗೆ ಕಲಿಯಲು ವಾರಗಟ್ಟಲೆ ಬಿಡುವಿತ್ತು, ಅಕ್ಕನ ಮುಂದೆ ಗಿರಾಕಿ ನಿಂತಿದ್ದ. ತಪ್ಪು ಉಬುಂಟುವಿನದಲ್ಲ, ಕೇಳದೆ ಬದಲಿಸಿದ ನನ್ನದು.

ಮಂಗಳವಾರ ಅಂಗಡಿಗೆ ಹೋಗಿ ಅವಳ ಪಕ್ಕ ಕೂತೆ. ಈ ಸಲ ಲಿನಕ್ಸ್ ಮಿಂಟ್ ಹಾಕಿದೆ. ಅದರ ಸಿನಮನ್ ಪರದೆಯಲ್ಲಿ ಮೆನು ಕೆಳಗೆ ಎಡ ಮೂಲೆಯಲ್ಲೇ ಇದೆ, ಹಳೇ ವಿಂಡೋಸ್‌ನ ಹಾಗೆ. ಅಕ್ಕನ ಮುಖ ಅರ್ಧ ಗೆಲುವಾಯಿತು.

ಉಳಿದರ್ಧ ಕನ್ನಡದ್ದು. ಅವಳ ಬೆರಳಿಗೆ ಗೊತ್ತಿರುವುದು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಜೋಡಣೆ, ಒತ್ತಕ್ಷರಕ್ಕೆ ಎಫ್ ಒತ್ತುವಂಥದ್ದು. ಕೀಬೋರ್ಡ್ ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ ಹುಡುಕಿದರೆ ‘ಕನ್ನಡ, ಕಗಪ’ ಎಂದು ಅದು ಮೊದಲೇ ಇತ್ತು! ಉಬುಂಟುವಿನಲ್ಲೂ ಇತ್ತು, ನಾನು ನೋಡಿರಲಿಲ್ಲ ಅಷ್ಟೇ. ಸೇರಿಸಿಕೊಟ್ಟೆ. ಅಕ್ಕ ‘ಮಾನ್ಯರೇ’ ಎಂದು ಟೈಪ್ ಮಾಡಿ ನನ್ನ ಮುಖ ನೋಡಿದಳು. ಆಮೇಲೆ ಅವಳ ಕೈ ನಿಲ್ಲಲಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಕಂಪ್ಯೂಟರ್ ಇದ್ದರೆ ನನ್ನ ಹಾಗೆ ಅವಸರ ಮಾಡಬೇಡಿ. ಮೊದಲು ಕಡತಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ ಇಡಿ. ಉಬುಂಟು, ಮಿಂಟ್ ಎರಡನ್ನೂ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಅದರ ಮೇಲೆ ದಿನಾ ಕೆಲಸ ಮಾಡುವವರನ್ನೇ ಕೂರಿಸಿ, ಅವರ ಕೈ ಎಲ್ಲಿಗೆ ಹೋಗುತ್ತದೆ ನೋಡಿ.

ಆ ಅಜ್ಜ ಮೊನ್ನೆ ಮತ್ತೊಂದು ಅರ್ಜಿ ಹಿಡಿದು ಬಂದಿದ್ದನಂತೆ. ಅಕ್ಕ ಹತ್ತು ನಿಮಿಷದಲ್ಲಿ ಟೈಪ್ ಮಾಡಿ ಪ್ರಿಂಟ್ ಕೊಟ್ಟಳಂತೆ.