ಕತ್ತರಿಗೆ ಯಾಕಿಷ್ಟು ಅವಸರ?

ಪುಣೆಯ ಹಿಂಜವಾಡಿಯ ಅಪಾರ್ಟ್‌ಮೆಂಟುಗಳಲ್ಲಿ ಸಂಜೆಯಾದರೆ ಅಜ್ಜಿಯರ ಸಭೆ. ಮಗ ಐಟಿ ಪಾರ್ಕಿನ ಫೇಸ್ ಮೂರರಲ್ಲಿ, ಸೊಸೆ ಫೇಸ್ ಒಂದರಲ್ಲಿ, ಮೊಮ್ಮಗು ಜಾರುಬಂಡೆಯ ಮೇಲೆ. ಹುಬ್ಬಳ್ಳಿ, ವಿಜಯಪುರಗಳಿಂದ ರಾತ್ರಿ ಬಸ್ಸು ಹತ್ತಿ ಬಂದು ವಾಕಡ್‌ನಲ್ಲಿ ಇಳಿದವರು ಇವರು. ಮಂಡಿನೋವು ಅಲ್ಲಿ ದಿನದ ವಾರ್ತೆ. ಕಿಬ್ಬೊಟ್ಟೆಯ ಮಾತು ಬಂದರೆ ಮಾತ್ರ ದನಿ ತಗ್ಗುತ್ತದೆ, ಪರಿಹಾರವೇನೋ ಸಿದ್ಧವಾಗಿರುತ್ತದೆ: "ಗರ್ಭಚೀಲಾ ತೆಗಿಸಿಬಿಡ್ರಿ, ಮಕ್ಕಳಾದ ಮ್ಯಾಲೆ ಅದರ ಕೆಲಸೇನು?"

ಇದೇ ಅಜ್ಜಿಯರ ಸೊಸೆಯಂದಿರು ಆಫೀಸಿನಲ್ಲಿ ಸರ್ವರ್ ಕೈಕೊಟ್ಟರೆ ಮೂಲಕಾರಣ ಸಿಗುವವರೆಗೂ ಬಿಡುವುದಿಲ್ಲ. ತಿಂಗಳಿಗೆರಡು ಸಲ ಮುಟ್ಟಾದರೆ ಮಾತ್ರ "ಸ್ಟ್ರೆಸ್" ಎಂದು ಮಾತ್ರೆ ನುಂಗಿ ಕ್ಯಾಬ್ ಹತ್ತುತ್ತಾರೆ.

ಕಾರಣಗಳಿಗೇನು ಬರವೇ? ಸ್ತ್ರೀರೋಗತಜ್ಞರ ಅಂತರರಾಷ್ಟ್ರೀಯ ಒಕ್ಕೂಟ 2011ರಲ್ಲಿ ಈ ಅಸಹಜ ರಕ್ತಸ್ರಾವದ ಕಾರಣಗಳನ್ನು ಒಂಬತ್ತು ಗುಂಪು ಮಾಡಿತು. ಗರ್ಭಕೋಶದ ಗಡ್ಡೆ, ಒಳಪದರದ ಪಾಲಿಪ್, ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು, ರಕ್ತ ಹೆಪ್ಪುಗಟ್ಟದ ತೊಂದರೆ, ಕಾಪರ್-ಟಿ, ಕೆಲವು ಔಷಧಗಳು, ಕ್ಯಾನ್ಸರ್ ಕೂಡ. ಥೈರಾಯ್ಡ್ ಕೆಟ್ಟರೂ ಮುಟ್ಟು ಹದ ತಪ್ಪುತ್ತದೆ. ಜ್ವರ, ದುರ್ವಾಸನೆಯ ಸ್ರಾವದ ಜೊತೆ ನೋವಿದ್ದರೆ ಸೋಂಕಿರಬಹುದು. ಎಂಡೊಮೆಟ್ರಿಯೋಸಿಸ್ ಅಂತೂ ಭಾರಿ ಕಿಲಾಡಿ: ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆದು ನೋಯಿಸುತ್ತದೆ. ಹೊರಗೆ ಕೂತ ಕಳ್ಳನಿಗಾಗಿ ಮನೆ ಕೆಡವಿದರೆ ನೋವು ಹೋದೀತೆಂಬ ಭರವಸೆಯಿಲ್ಲ!

ಕತ್ತರಿಯ ಅವಸರ ಎಲ್ಲಿಗೆ ಒಯ್ಯುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಇದೇ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರ ಸಮೀಕ್ಷೆ ಮಾತಾಡಿಸಿದ ಸುಮಾರು 82 ಸಾವಿರ ಕಬ್ಬು ಕಡಿಯುವ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವಿರಲಿಲ್ಲ. ನಮ್ಮ ಕಲಬುರಗಿಯ ತಾಂಡಾಗಳ ಹೆಂಗಸರೂ ಇದೇ ಗೋಳು ಹೇಳಿಕೊಂಡು ಬೀದಿಗಿಳಿದಿದ್ದರು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಮೂಳೆ ಸವೆಯತೊಡಗುತ್ತದೆ. ತೆಗೆಯಲೇಬೇಕಾದ ಸಂದರ್ಭಗಳೂ ಇವೆ, ಇಲ್ಲವೆನ್ನುವುದಿಲ್ಲ. ಕಾರಣದ ಹೆಸರು ತಿಳಿದ ಮೇಲೆ ತೆಗೆಯಲಿ.

ಅವಸರ ಮಾಡಬೇಕಾದ ಕಡೆ ನಾವು ಮಾಡುವುದಿಲ್ಲ ನೋಡಿ. ಮುಟ್ಟು ತಪ್ಪಿ, ಒಂದು ಪಕ್ಕ ನೋವು, ತುಸು ರಕ್ತ, ತಲೆಸುತ್ತು ಕಾಣಿಸಿದರೆ ಗರ್ಭ ಅಂಡನಾಳದಲ್ಲಿ ನಿಂತಿರಬಹುದು. ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಸಂಭೋಗದ ನಂತರ ರಕ್ತ ಕಂಡರೆ ಗರ್ಭಕೋಶದ ಕೊರಳನ್ನು ಪರೀಕ್ಷಿಸಬೇಕು.

ಅಜ್ಜಿಯರೇ, ನಿಮಗೊಂದು ಮಾತು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ "ಉಷ್ಣ ಆಗೇದ" ಎಂದು ಮಜ್ಜಿಗೆ ಕುಡಿದು ಕೂರಬೇಡಿ. ಬಹಳ ಸಲ ಅದು ಒಳಪದರ ತೆಳುವಾದದ್ದಷ್ಟೇ, ಕೆಲವೊಮ್ಮೆ ಕ್ಯಾನ್ಸರ್. ಸ್ಕ್ಯಾನಿಂಗ್, ಬೇಕಾದರೆ ಬಯಾಪ್ಸಿ ಮಾಡಿದರೆ ತಿಳಿಯುತ್ತದೆ. ಸೊಸೆಗೆ ಮೀಟಿಂಗ್ ಇದ್ದರೂ ಇವತ್ತೇ ಹೇಳಿ.